ಸಂಶೋಧನೆಗೂ ನಾಲ್ಕು ಕಾಸು ಕೊಡೋಣ

ಜೂನ್ ತಿಂಗಳ ಎರಡನೇ ಸೋಮವಾರ ಮೆಲ್ಬರ್ನ್‌ನಲ್ಲಿ ಕೊರೆಯುವ ಚಳಿ. ಅವತ್ತು ಎಂಸಿಜಿ ಮೈದಾನದಲ್ಲಿ ದೊಡ್ಡ ಫುಟ್‌ಬಾಲ್ ಪಂದ್ಯ. ಆಟಕ್ಕೆ ಮೊದಲು ಹೆಸರಾಂತ ಆಟಗಾರರು, ಟಿವಿಯವರು ವೇಷ ಹಾಕಿಕೊಂಡು, ಜಾರುಬಂಡೆಯಿಂದ ಐಸ್ ನೀರಿಗೆ ಬೀಳುತ್ತಾರೆ. ಸ್ಟೇಡಿಯಂ ತುಂಬ ನೀಲಿ ಉಣ್ಣೆ ಟೋಪಿಗಳು. ಆ ಟೋಪಿ ಮಾರಿದ ದುಡ್ಡು ಮೋಟಾರ್ ನ್ಯೂರಾನ್ ಕಾಯಿಲೆಗೆ ಮದ್ದು ಹುಡುಕಲು ಹೋಗುತ್ತದೆ. ಸ್ನಾಯುಗಳನ್ನು ಆಡಿಸುವ ನರಕೋಶಗಳು ಸಾಯುತ್ತಾ ಹೋಗುವ ಕಾಯಿಲೆ ಇದು.

ಇದರ ಹಿಂದೆ ಇರುವವರು ಫುಟ್‌ಬಾಲ್ ಕೋಚ್ ಆಗಿದ್ದ ನೀಲ್ ಡ್ಯಾನಿಹರ್. 2013ರಲ್ಲಿ ಅವರಿಗೆ ಈ ಕಾಯಿಲೆ ಇರುವುದು ಗೊತ್ತಾಯಿತು. ಮರುವರ್ಷವೇ ಇನ್ನಿಬ್ಬರ ಜೊತೆ ಸೇರಿ 'ಫೈಟ್ ಎಂಎನ್‌ಡಿ' ಎಂಬ ಸಂಸ್ಥೆ ಕಟ್ಟಿದರು (ಎಂಎನ್‌ಡಿ ಎಂದರೆ ಈ ಕಾಯಿಲೆಯ ಇಂಗ್ಲಿಷ್ ಹೆಸರಿನ ಚುಟುಕು ರೂಪ). ಕೈಕಾಲಿನ ಬಲ ಹೋಯಿತು, ಮಾತು ಹೋಯಿತು, ಆದರೂ ಜನರ ಮುಂದೆ ಬರುವುದನ್ನು ಬಿಡಲಿಲ್ಲ. ಸಂಸ್ಥೆ 10 ಕೋಟಿ ಡಾಲರ್‌ಗೂ ಜಾಸ್ತಿ ಹಣ ಕೂಡಿಸಿದೆ. 2025ರಲ್ಲಿ ದೇಶ ಅವರನ್ನು 'ವರ್ಷದ ಆಸ್ಟ್ರೇಲಿಯನ್' ಎಂದು ಗೌರವಿಸಿತು.

ನಮ್ಮೂರಿನ ಕಥೆ ಬೇರೆ. ಹಾಸನದ ಕಡೆ ಇದ್ದ ನಮ್ಮ ಸೋದರಮಾವನಿಗೂ ಇದೇ ಕಾಯಿಲೆ ಬಂದಿತ್ತು. ಮೊದಲು ಅಂಗಿ ಗುಂಡಿ ಹಾಕಲು ಬೆರಳು ಕೇಳಲಿಲ್ಲ. ಆಮೇಲೆ ಕಾಲು ಎಡವತೊಡಗಿತು. ಕತ್ತಿನ ಮೂಳೆ ಸವೆದಿದೆ ಎಂದರು, ಬಿ12 ಇಂಜೆಕ್ಷನ್ ಕೊಟ್ಟರು, ಎಣ್ಣೆ ತಿಕ್ಕಿಸಿದರು. ಸರಿಯಾದ ಹೆಸರು ಗೊತ್ತಾಗುವ ಹೊತ್ತಿಗೆ ಮಾತು ತೊದಲುತ್ತಿತ್ತು. ಮನೆಯವರು ಮಾತ್ರ ಯಾರು ಕೇಳಿದರೂ 'ಏನೋ ನರದ ತೊಂದರೆ' ಎಂದು ಮಾತು ಮುಗಿಸುತ್ತಿದ್ದರು. ಮಗಳ ಮದುವೆ ಆಗಬೇಕಿತ್ತಲ್ಲ, ಆ ಭಯ. ನಿಜ ಹೇಳಬೇಕೆಂದರೆ, ಹತ್ತರಲ್ಲಿ ಒಂಬತ್ತು ಜನರಿಗೆ ಈ ಕಾಯಿಲೆ ವಂಶದಿಂದ ಬಂದಿರುವುದಿಲ್ಲ.

ನೀರು ಕುಡಿಸಿದಾಗಲೆಲ್ಲ ಅವರಿಗೆ ಕೆಮ್ಮು ಒತ್ತರಿಸಿ ಬರುತ್ತಿತ್ತು. ನೆತ್ತಿಗೆ ಹತ್ತಿತು ಎಂದು ಅತ್ತೆ ತಲೆ ತಟ್ಟುತ್ತಿದ್ದರು. ನುಂಗುವ ಸ್ನಾಯು ಸೋತಾಗ ತೆಳ್ಳಗಿನ ನೀರೇ ಶ್ವಾಸಕೋಶಕ್ಕೆ ಇಳಿಯುವುದು. ನೆಟ್ಟಗೆ ಕೂರಿಸಬೇಕು, ನೀರು ಕಾಫಿ ಎಲ್ಲವನ್ನೂ ಎಷ್ಟು ಗಟ್ಟಿ ಮಾಡಬೇಕೆಂದು ನುಂಗುವ ತೊಂದರೆ ನೋಡುವ ತಜ್ಞರನ್ನು ಕೇಳಬೇಕು. ಇಷ್ಟನ್ನು ಅತ್ತೆಗೆ ಯಾರೂ ಹೇಳಲಿಲ್ಲ. ಅರಿವು ಮೂಡಿಸುವುದು ಎಂದರೆ ನನ್ನ ಪಾಲಿಗೆ ಮೊದಲು ಇದು.

ಆರೈಕೆಯಲ್ಲಿ ನಮ್ಮವರೇನೂ ಕಮ್ಮಿ ಇಲ್ಲ. ರಾತ್ರಿಯೆಲ್ಲ ಮಗ್ಗುಲು ಬದಲಿಸಲು ಮಗ, ಸೊಸೆ, ಪಕ್ಕದ ಮನೆಯವರು ಬರುತ್ತಿದ್ದರು. ಇಲ್ಲಿ ಆಸ್ಟ್ರೇಲಿಯಾದಲ್ಲಿ ಒಂಟಿಯಾಗಿ ಇರುವ ಮುದುಕರು ಸಂಬಳದ ನರ್ಸ್‌ಗಾಗಿ ಕಾಯುತ್ತಾರೆ. 65 ದಾಟಿದ ಮೇಲೆ ಕಾಯಿಲೆ ಬಂದರಂತೂ ಅಂಗವಿಕಲರ ವಿಮಾ ಯೋಜನೆಗೆ ಹೊಸದಾಗಿ ಸೇರುವ ಹಾಗೂ ಇಲ್ಲ. ಅದು ಅನ್ಯಾಯ, ಇಲ್ಲಿನವರೂ ಹಾಗೇ ಹೇಳುತ್ತಾರೆ.

ಆದರೆ ನಾವು ಕಣ್ಣೆದುರಿನ ಮನುಷ್ಯನಿಗೆ ಕೊಡುತ್ತೇವೆ, ಕಾಯಿಲೆಯ ಮೇಲಿನ ಕೆಲಸಕ್ಕೆ ಕೊಡುವುದಿಲ್ಲ. 2014ರಲ್ಲಿ ಇದೇ ಕಾಯಿಲೆಗಾಗಿ ಎಲ್ಲರೂ ಬಕೆಟ್‌ನಿಂದ ತಲೆ ಮೇಲೆ ಐಸ್ ನೀರು ಸುರಿದುಕೊಂಡಿದ್ದು ನೆನಪಿದೆ ಅಲ್ವಾ? ಅಮೆರಿಕದ ಎಎಲ್‌ಎಸ್ ಸಂಸ್ಥೆಗೆ (ಅಲ್ಲಿ ಈ ಕಾಯಿಲೆಯನ್ನು ಎಎಲ್‌ಎಸ್ ಎನ್ನುತ್ತಾರೆ) ಆಗ 11.5 ಕೋಟಿ ಡಾಲರ್ ಬಂತು. ಆ ದುಡ್ಡಿನ ನೆರವಿನಿಂದ ನಡೆದ ಕೆಲಸದಲ್ಲಿ, 2016ರಲ್ಲಿ ಈ ಕಾಯಿಲೆಗೂ ಎನ್‌ಇಕೆ1 ಎಂಬ ಜೀನ್‌ಗೂ ಇರುವ ನಂಟು ಗೊತ್ತಾಯಿತು. ಹೈದರಾಬಾದಿನಲ್ಲಿ ಅದೇ ಐಡಿಯಾ ಬಕೆಟ್ ಅಕ್ಕಿ ದಾನವಾಗಿ ಬದಲಾಯಿತು. ಹಸಿದವರಿಗೆ ಅಕ್ಕಿ ಕೊಟ್ಟಿದ್ದು ಒಳ್ಳೆಯ ಕೆಲಸವೇ. ಆದರೆ ಕಾಯಿಲೆಯ ಮಾತೇ ಹಿಂದೆ ಸರಿಯಿತು.

ಇದು ಹೊರಗಿನವರ ಕಾಯಿಲೆ ಎಂದುಕೊಳ್ಳಬೇಡಿ. 'ಮದ್ರಾಸ್ ಮೋಟಾರ್ ನ್ಯೂರಾನ್ ಕಾಯಿಲೆ' ಎಂಬ ಬಗೆಯೇ ಇದೆ. ಹೆಚ್ಚಾಗಿ ದಕ್ಷಿಣ ಭಾರತದಲ್ಲೇ ಕಾಣುತ್ತದೆ. ಎಳೆ ವಯಸ್ಸಿನಲ್ಲೇ ಶುರುವಾಗುತ್ತದೆ, ಕಿವಿಯೂ ಮಂದವಾಗುತ್ತದೆ, ನಿಧಾನವಾಗಿ ಬೆಳೆಯುತ್ತದೆ. ಒಂದೇ ಕೈ ಅಥವಾ ಕಾಲು ಸೊರಗುವ ಇನ್ನೊಂದು ತೊಂದರೆಯನ್ನು 1984ರಲ್ಲಿ ವಿವರಿಸಿದ್ದು ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಎಂ. ಗೌರಿದೇವಿ ಮತ್ತವರ ಜೊತೆಗಾರರು. ನಮ್ಮ ಜನರಲ್ಲಿ ಕಾಣುವ ಬಗೆಗಳನ್ನು ಮೆಲ್ಬರ್ನಿನವರು ನಮಗಾಗಿ ಕೂತು ಅಧ್ಯಯನ ಮಾಡುವುದಿಲ್ಲ. 1995ರಲ್ಲಿ ಬಂದ ರಿಲುಜೋಲ್ ಎಂಬ ಮದ್ದು ಆಯುಸ್ಸನ್ನು ಕೆಲವು ತಿಂಗಳು ಮುಂದೂಡುತ್ತದೆ, ಅಷ್ಟೇ. ವಾಸಿ ಮಾಡುವ ಮದ್ದು ಇನ್ನೂ ಬಂದಿಲ್ಲ.

ರಾಜ್ಯೋತ್ಸವದ ಚಂದಾದಲ್ಲಿ ಒಂದು ಪಾಲನ್ನು ಬೆಂಗಳೂರಿನಲ್ಲಿ ಈ ಕಾಯಿಲೆಯ ಮೇಲೆ ನಡೆಯುವ ಸಂಶೋಧನೆಗೆ ತೆಗೆದಿಡೋಣ ಎಂದು ನಮ್ಮ ಕನ್ನಡ ಬಳಗದಲ್ಲಿ ಕೇಳಿದ್ದೇನೆ. ಕೆಲವರು ಒಪ್ಪಿದ್ದಾರೆ. ಊರಿನ ಶಾಲೆಗೆ ಕೊಟ್ಟರೆ ಸಾಲದೇ ಎಂದು ಕೇಳಿದವರೂ ಇದ್ದಾರೆ. ಶಾಲೆಗೂ ಕೊಡೋಣ, ಇದಕ್ಕೂ ಕೊಡೋಣ ಎಂದು ಮುಂದಿನ ಸಭೆಯಲ್ಲಿ ಮತ್ತೆ ಕೇಳುತ್ತೇನೆ.