ಹುಡುಕಿದ್ದಕ್ಕೂ ದುಡ್ಡಾ?

ಪುಣೆಗೆ ಬಂದು 14 ವರ್ಷ ಆಯಿತು. ಊರು ಬಳ್ಳಾರಿ. ಎರಡೂ ಕಡೆಯ ಗ್ಯಾರೇಜು ನೋಡಿದ್ದೇನೆ, ಎರಡನ್ನೂ ಬೈದಿದ್ದೇನೆ.

ಹೋದ ವರ್ಷ ಕಾರಿಗೆ ಒಂದು ಕಾಯಿಲೆ ಅಂಟಿತು. ಓಡುತ್ತಿರುವಾಗಲೇ ಮೀಟರಿನ ಮುಳ್ಳುಗಳೆಲ್ಲ ಸೊನ್ನೆಗೆ ಬೀಳುತ್ತಿದ್ದವು, ಹಾಡು ನಿಲ್ಲುತ್ತಿತ್ತು, ಸ್ಟೀರಿಂಗ್ ಗಟ್ಟಿಯಾಗುತ್ತಿತ್ತು. ಎರಡೇ ಸೆಕೆಂಡು. ಆಮೇಲೆ ಎಲ್ಲ ಸರಿ. ಒಂದೊಂದು ದಿನ ನಾಲ್ಕು ಸಲ ಬರುತ್ತಿತ್ತು, ಒಂದೊಂದು ವಾರ ಸುಳಿವೇ ಇಲ್ಲ. ಗ್ಯಾರೇಜಿನ ಗೇಟು ದಾಟಿದ ಮೇಲಂತೂ ಬಂದದ್ದೇ ಇಲ್ಲ.

ಪುಣೆಯ ವರ್ಕ್‌ಶಾಪಿನಲ್ಲಿ ಕೂರಲು ಎಸಿ ರೂಮು, ಕಾಫಿ ಮಷೀನು. ಹುಡುಗ ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಚುಚ್ಚಿದ. ವೋಲ್ಟೇಜ್ ಕಡಿಮೆಯಾಗಿತ್ತು ಅನ್ನುವ ಹಳೇ ಕೋಡ್ ಸಿಕ್ಕಿತು. ಬ್ಯಾಟರಿ ಬದಲಾಯಿಸಿದರು. ಎಂಟು ದಿನಕ್ಕೆ ಮತ್ತೆ ಅದೇ ಕಥೆ. ಎರಡನೇ ಸಲ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಮೇಲೆ ಅನುಮಾನ. ಅಳೆದರೆ 14.2 ವೋಲ್ಟ್, ಗಟ್ಟಿಮುಟ್ಟಾಗಿದೆ. ಮೂರನೇ ಸಲ ಮೀಟರ್ ಬೋರ್ಡನ್ನೇ ಬದಲಾಯಿಸೋಣ ಅಂದರು. ಕೀ ಇಸ್ಕೊಂಡು ಬಂದುಬಿಟ್ಟೆ.

ಸ್ಕ್ಯಾನರ್ ಸುಳ್ಳು ಹೇಳಿರಲಿಲ್ಲ. ವೋಲ್ಟೇಜ್ ಇಳಿದದ್ದು ನಿಜ. ಯಾವ ಜಾಯಿಂಟಿನಲ್ಲಿ ಇಳಿಯಿತು ಅನ್ನೋದು ಅದಕ್ಕೆ ಹೇಗೆ ಗೊತ್ತಾಗಬೇಕು?

ಮೇ ತಿಂಗಳಲ್ಲಿ ಊರಿಗೆ ಹೊರಟೆ. ಗದಗ, ಕೊಪ್ಪಳ, ಹೊಸಪೇಟೆ, ದಾರಿಯುದ್ದಕ್ಕೂ 40 ದಾಟಿದ ಬಿಸಿಲು. ಕಾಯಿಲೆ ಜೋರಾಯಿತು. ಮಾವ ಕೌಲ್‌ಬಜಾರಿನ ವೈರಿಂಗ್ ಮೇಸ್ತ್ರಿ ಒಬ್ಬರ ಹತ್ತಿರ ಕರೆದುಕೊಂಡು ಹೋದರು. ಬೇವಿನ ಮರದ ಕೆಳಗೆ ಅಂಗಡಿ. ಅವರು ಬಾನೆಟ್ ಮುಟ್ಟಲೇ ಇಲ್ಲ.

"ನೆಟ್ಟಗ ಹೋಗುವಾಗ ಬರ್ತೈತೇನ್ರಿ, ತಿರುಗ್ಸುವಾಗೇನ್ರಿ? ಎಸಿ ಹಾಕಿರ್ತೀರಾ? ಮುಂಜಾನೆ ಬರ್ತೈತಾ, ಮಧ್ಯಾಹ್ನಾನಾ?"

ನನಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ಪುಣೆಯಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಗಮನಿಸಿರಲಿಲ್ಲ. ಪಕ್ಕದಲ್ಲಿ ಕೂತು ನನ್ನಿಂದ ಊರೆಲ್ಲ ಓಡಿಸಿದರು. ಎಸಿ, ಹೆಡ್‌ಲೈಟು ಎರಡೂ ಹಾಕಿ ಯೂ-ಟರ್ನ್ ಹೊಡೆದಾಗ ಬಂತು ನೋಡಿ! ಸ್ಟೀರಿಂಗಿನ ಮೋಟಾರು ನಿಧಾನಕ್ಕೆ ತಿರುಗಿಸುವಾಗಲೇ ಜಾಸ್ತಿ ಕರೆಂಟ್ ಎಳೆಯುತ್ತೆ. ಅಂದರೆ ಲೋಡ್ ಬಿದ್ದಾಗ ಮಾತ್ರ ಕೈಕೊಡುವ ಜಾಯಿಂಟು ಎಲ್ಲೋ ಇದೆ.

ಆಮೇಲೆ ಡಬ್ಬದಿಂದ ವೋಲ್ಟ್ ಅಳೆಯುವ ಮೀಟರ್ ಹೊರತೆಗೆದರು. ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಗಾಡಿಯ ಲೋಹದ ಮೈಗೆ. ಎಲ್ಲ ಆಫ್ ಇದ್ದಾಗ ಸೊನ್ನೆ. ಎಂಜಿನ್ ಓಡಿಸಿ, ಎಸಿ, ಲೈಟು ಹಾಕಿ, ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ 1.6 ವೋಲ್ಟ್. ಅಂದರೆ ಅಷ್ಟು ವೋಲ್ಟೇಜ್ ಆ ದಾರಿಯಲ್ಲೇ ಕಳೆದುಹೋಗುತ್ತಿದೆ. ಅಲ್ಲಿ 0.2 ದಾಟಬಾರದು. ಗಾಡಿ ಆಫ್ ಮಾಡಿ ತಂತಿ ಕಡಿದಿದೆಯಾ ಅಂತ ಬರೀ ಕಂಟಿನ್ಯುಟಿ ನೋಡಿದ್ದರೆ ಮೀಟರ್ ಬೀಪ್ ಅಂದು ಸುಮ್ಮನಾಗುತ್ತಿತ್ತು. ಅಷ್ಟು ಸಣ್ಣ ಕರೆಂಟಿಗೆ ಒಂದೆಳೆ ತಂತಿ ತಾಗಿದ್ದರೂ ಸಾಕು. ಬ್ಯಾಟರಿಯ ಮೈನಸ್ಸನ್ನು ಗಾಡಿಯ ಮೈಗೆ ಜೋಡಿಸುವ ಅರ್ತ್ ವೈರಿನ ಲಗ್, ಅಂದರೆ ತುದಿಯ ಬಳೆ, ಬಿಚ್ಚಿದರು. ಕೆಳಗೆ ತುಕ್ಕು, ಹಸಿರು ಪುಡಿ. ಪುಣೆಯ ಮಳೆಯ ಕೊಡುಗೆ. ಉಪ್ಪು ಕಾಗದದಲ್ಲಿ ತಿಕ್ಕಿ, ಬಿಗಿದು, ಗ್ರೀಸ್ ಸವರಿದರು. ಮತ್ತೆ ಅಳೆದರೆ 0.1.

"600 ಕೊಡ್ರಿ."

"ಒಂದು ಬೋಲ್ಟಿಗೆ ಅಷ್ಟಾ?" ಅಂತ ನನ್ನ ಬಾಯಿಂದಲೇ ಬಂತು. ಬೇಕಿಲ್ಲದ ಬ್ಯಾಟರಿಗೆ 6,500 ರೂಪಾಯಿ ತುಟಿಪಿಟಿಕ್ಕೆನ್ನದೆ ಕೊಟ್ಟವನು ನಾನು! ಡಬ್ಬಿಯಲ್ಲಿ ಬಂದ ಸಾಮಾನಿಗೆ ಕೊಡ್ತೀವಿ, ಅರ್ಧ ದಿನ ಹುಡುಕಿದ್ದಕ್ಕೆ ಚೌಕಾಸಿ ಮಾಡ್ತೀವಿ. ಹೀಗಿರುವಾಗ ಪುಣೆಯ ಹುಡುಗ ಯಾಕೆ ಹುಡುಕಬೇಕು? ಮಾಡಿದ ಕೆಲಸ ಬರೆಯುವ ಅವನ ಜಾಬ್ ಕಾರ್ಡಿನಲ್ಲಿ ಪಾರ್ಟ್ ನಂಬರಿಗೆ ಜಾಗ ಇದೆ, ಪಕ್ಕದಲ್ಲಿ ಕೂತು ಊರು ಸುತ್ತಿದ್ದಕ್ಕೆ ಇಲ್ಲ. ಅವನ ಮೇಲೆ ಈಗ ನನಗೆ ಸಿಟ್ಟಿಲ್ಲ.

ಊರ ಅಭಿಮಾನಕ್ಕೆ ಹೊಗಳುತ್ತಿದ್ದೇನೆ ಅಂದ್ಕೋಬೇಡಿ. ಇದೇ ಬಳ್ಳಾರಿಯಲ್ಲಿ ಹಿಂದೊಮ್ಮೆ ಬೇರೆ ಅಂಗಡಿಯವರು ಫಾಗ್ ಲ್ಯಾಂಪಿಗೆ ಫ್ಯೂಸೇ ಇಲ್ಲದೆ ಬ್ಯಾಟರಿಯಿಂದ ನೇರ ವೈರ್ ಎಳೆದಿದ್ದರು. ಅಂಥ ವೈರ್ ಶಾರ್ಟ್ ಆದರೆ ಗಾಡಿಗೇ ಬೆಂಕಿ. ಟೆಸ್ಟ್ ಲ್ಯಾಂಪ್ ಹಿಡಿದು ಸಿಕ್ಕ ವೈರಿಗೆಲ್ಲ ಚುಚ್ಚುವವರೂ ನಮ್ಮಲ್ಲಿದ್ದಾರೆ. ಏರ್‌ಬ್ಯಾಗಿನ ವೈರು ಸೇರುವ ಹಳದಿ ಕಪ್ಲರಿಗೆ ಹಾಗೆ ಚುಚ್ಚಬಾರದು. ಅಲ್ಲಿ ಪುಣೆಯ ಸ್ಕ್ಯಾನರೇ ಬೇಕು.

ಮಾವ ಮಂಡಕ್ಕಿ ಒಗ್ಗರಣೆ, ಮಿರ್ಚಿ ತರಿಸಿದರು. ಮೇಸ್ತ್ರಿ ಕೈ ಒರೆಸಿಕೊಂಡು 600 ಎಣಿಸಿ ಜೇಬಿಗಿಟ್ಟರು. ಮಿರ್ಚಿ ಮುರಿಯುತ್ತಾ ಕೇಳಿದರು: "ಅಲ್ರಿ ಸರ, ಆ ಹಳೇ ಬ್ಯಾಟ್ರಿ ಚಲೋ ಇತ್ತಲ್ಲ, ಅದೆಲ್ಲೈತ್ರಿ?"

ಅದನ್ನು ಅಲ್ಲೇ ಬಿಟ್ಟು ಬಂದಿದ್ದೆ.