ಹೆಬ್ಬೇವಿನ ಮೇಲೆ ಹೆಬ್ಬೆಟ್ಟು

ಮೂರು ತಿಂಗಳಿಂದ ಪ್ರತಿ ಭಾನುವಾರ ಹಾಳು ಮಾಡಿಕೊಂಡು ಕಟ್ಟಿದ ಸರ್ಫ್ ಬೋರ್ಡಿನ (ಸಮುದ್ರದ ಅಲೆ ಮೇಲೆ ನಿಂತು ಜಾರುವ ಹಲಗೆ) ನಟ್ಟನಡುವೆ ಈಗ ಒಂದು ಹೆಬ್ಬೆಟ್ಟಿನ ಗುರುತಿದೆ. ಕ್ರಯಪತ್ರಕ್ಕೆ ಒತ್ತಿದ ಹಾಗೆ ಗೆರೆ ಗೆರೆ ಕಾಣುತ್ತದೆ. ನನ್ನದಲ್ಲ. ಪಕ್ಕದ ಮನೆ ಅಂಕಲ್ಲದು.

"ಮೈಸೂರಲ್ಲಿ ಸರ್ಫ್ ಬೋರ್ಡಾ?" ಅಂತ ನೀವೂ ಕೇಳುತ್ತೀರಿ, ಗೊತ್ತು. ಕುವೆಂಪುನಗರದ ನಮ್ಮ ಬೀದಿಯಲ್ಲಿ ಹಾಲಿನವರಿಂದ ಹಿಡಿದು ಎಲ್ಲರೂ ಕೇಳಿಯಾಗಿದೆ. ಊರು ಸಮುದ್ರ ಮಟ್ಟದಿಂದ ಸುಮಾರು 760 ಮೀಟರ್ ಮೇಲಿದೆ. ಇಲ್ಲಿ ಅಲೆ ಏಳುವುದು ಮನೆ ಸಂಪ್‌ಗೆ ನೀರು ಬಿಟ್ಟಾಗ ಮಾತ್ರ. ಹೋದ ವರ್ಷ ಮಂಗಳೂರು ಹತ್ತಿರದ ಮೂಲ್ಕಿ ಕಡಲಿಗೆ ಹೋಗಿ ಬಾಡಿಗೆ ಬೋರ್ಡಿನ ಮೇಲೆ ಮೂರು ಸೆಕೆಂಡ್ ನಿಂತೆ. ಅದು ತಲೆಗೆ ಹತ್ತಿತು.

ಉದ್ದ ಹಲಗೆ ತಂದು ಅಂಚು ಉಜ್ಜಿದರೆ ಆಯ್ತು ಅಂದುಕೊಂಡಿದ್ದೆ. ಹಾಗೆ ಮಾಡಿದರೆ ಹೊರಲು ನಾಲ್ಕು ಜನ ಬೇಕಂತೆ. ಅದಕ್ಕೇ 1932ರಲ್ಲೇ ಅಮೆರಿಕದ ಟಾಮ್ ಬ್ಲೇಕ್ ಟೊಳ್ಳು ಬೋರ್ಡಿಗೆ ಪೇಟೆಂಟ್ ತಗೊಂಡಿದ್ದರು. ನನ್ನದೂ ಟೊಳ್ಳೇ: ನಡುವೆ ಮರದ ಒಂದು ಬೆನ್ನುಮೂಳೆ, ಪ್ರತಿ ಅಡಿಗೊಂದು ಪಕ್ಕೆಲುಬು, ಮೇಲೆ ಕೆಳಗೆ ತೆಳು ಪಟ್ಟಿ. ಹೊರದೇಶದಲ್ಲಿ ಬಾಲ್ಸಾ, ಪೌಲೋನಿಯಾ ಮರ ಬಳಸುತ್ತಾರೆ. ಟಿಂಬರ್ ಡಿಪೋದಲ್ಲಿ ಪೌಲೋನಿಯಾ ಅಂದೆ. "ಅದು ಬೇಕರೀಲಿ ಕೇಳಿ ಸಾರ್" ಅಂದರು. ಕೊನೆಗೆ ಪ್ಲೈವುಡ್ಡಿಗೆ ಅಂತ ನಮ್ಮ ಕಡೆ ರೈತರು ಬೆಳೆಯುವ ಹೆಬ್ಬೇವು ತಂದೆ. ಆರು ಮಿಲಿಮೀಟರ್ ಪಟ್ಟಿ ಕೊಯ್ಯಿಸಿದರೆ ಕೆಲವು ಆರು, ಕೆಲವು ಒಂಬತ್ತು. ಕ್ಲಾಂಪು ಸಾಲದೆ ಸೈಕಲ್ ಟ್ಯೂಬ್ ಬಿಗಿದು, ಅಜ್ಜಿ ಕಾಲದ ರುಬ್ಬುಗುಂಡು ಹೇರಿದೆ.

ಇದೆಲ್ಲ ತಡೆದುಕೊಳ್ಳಬಹುದು. ಅಂಕಲ್ಲನ್ನು ಆಗುವುದಿಲ್ಲ. ಅವರಿಗೆ ಒಣಗಿದೆಯಾ ಅಂತ ಮುಟ್ಟಿ ನೋಡುವ ಕಾಯಿಲೆ. ಯಾರ ಮನೆ ಗೇಟಿಗೆ ಬಣ್ಣ ಹೊಡೆದರೂ ಮೊದಲ ಬೆರಳು ಅವರದೇ. ಚರಂಡಿ ಮೇಲೆ ಹಾಕಿದ ಹೊಸ ಕಾಂಕ್ರೀಟಿನಲ್ಲಿ ಅವರ ಹವಾಯಿ ಚಪ್ಪಲಿಯ ಅಚ್ಚು ಇವತ್ತಿಗೂ ಇದೆ. ನಮ್ಮ ಬೀದಿಗೂ ಹವಾಯಿಗೂ ಅಷ್ಟೇ ನಂಟು. ನಾನು "ಮುಟ್ಟಬೇಡಿ" ಅಂತ ಸ್ಕೆಚ್ ಪೆನ್ನಲ್ಲಿ ಬರೆದು ಅಂಟಿಸಿದೆ. ಆ ಚೀಟಿ ಮೇಲೂ ಬೆರಳು ಉಜ್ಜಿ ಶಾಯಿ ಒಣಗಿದೆಯಾ ನೋಡಿದರು. "ಟಬೇಡಿ" ಅಂತಷ್ಟೇ ಉಳಿದಿದೆ.

ಫೈಬರ್ ಗ್ಲಾಸ್ ಬಟ್ಟೆ ಹಾಸಿ ಎಪಾಕ್ಸಿ ಅನ್ನುವ ಅಂಟು ಸವರುವ ದಿನ ಬಂತು. ಅದನ್ನು ಒಂದೇ ಸಲ ಜಾಸ್ತಿ ಕಲಸಿ ಲೋಟದಲ್ಲೇ ಬಿಟ್ಟರೆ ತಾನೇ ಬಿಸಿಯಾಗುತ್ತದೆ. ನನ್ನ ಮೊದಲ ಲೋಟ ಹೊಗೆಯಾಡಿ ತಳ ಕರಗಿತು. ಎರಡನೆಯದು ಬೋರ್ಡಿನ ಮೇಲೆ ಗಾಜಿನಂತೆ ಕೂತಿತು. ಊಟ ಮುಗಿಸಿ ಬರುವಷ್ಟರಲ್ಲಿ ಅಂಕಲ್ ಬಗ್ಗಿ ನಿಂತಿದ್ದಾರೆ. ಹೆಬ್ಬೆರಳು ಎಳೆದರೆ ಹಲಸಿನ ಮೇಣದಂತೆ ನೂಲು ನೂಲು.

"ಇನ್ನೂ ಒಣಗಿಲ್ಲ ಕಣಯ್ಯ."

ಬೈಯಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವರು ಬೆರಳು ಒರೆಸಿಕೊಳ್ಳುತ್ತಾ, "ಚಿಕ್ಕವರಿದ್ದಾಗ ಮಂಡ್ಯದಲ್ಲಿ ನಮ್ಮ ಬೆನ್ನಿಗೆ ಒಣ ಸೋರೆ ಬುರುಡೆ ಕಟ್ಟಿ ನಾಲೆಗೆ ತಳ್ಳೋರು. ಇದೂ ಅದೇ ಅಲ್ವಾ? ಒಳಗೆ ಗಾಳಿ, ಮೇಲೆ ಸಿಪ್ಪೆ" ಅಂದರು. ನಾನು ಓದಿ ಓದಿ ತಿಳಿದದ್ದು ಇಷ್ಟೇ. ನನಗೂ ಅಪ್ಪ ಬುರುಡೆ ಕಟ್ಟಿಯೇ ಈಜು ಕಲಿಸಿದ್ದು. ಸೊಂಟಕ್ಕೆ ಒಂದು ಹಗ್ಗ. ಮುಳುಗಿದೆ ಅನ್ನುವಾಗ ಅದು ಬಿಗಿಯಾಗುತ್ತಿತ್ತು. ಎಷ್ಟೋ ವರ್ಷದಿಂದ ಮರೆತೇ ಹೋಗಿತ್ತು. ಸುಮ್ನೆ ಒಳಗೆ ಹೋಗಿ ಕೊಬ್ಬರಿ ಎಣ್ಣೆ ತಂದುಕೊಟ್ಟೆ.

ತಪ್ಪಾಯಿತು. ಬೈಯಬೇಕಿತ್ತು.

ಟೊಳ್ಳು ಬೋರ್ಡಿಗೆ ಒಂದು ಗಾಳಿ ಕಿಂಡಿ, ಅದಕ್ಕೊಂದು ಸ್ಕ್ರೂ ಇರುತ್ತದೆ. ನೀರಿಗಿಳಿಯುವಾಗ ಬಿಗಿ ಮಾಡಬೇಕು, ಮಿಕ್ಕ ಹೊತ್ತು ಸಡಿಲ ಇರಬೇಕು. ಇಲ್ಲದಿದ್ದರೆ ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಬೋರ್ಡು ಬಾಯಿ ಬಿಡುತ್ತದೆ. ಇವತ್ತು ಬೆಳಗ್ಗೆ ಸಡಿಲ ಮಾಡಿ, ಎರಡು ಸಲ ನೋಡಿ, ಟೆರೇಸಿನಲ್ಲಿ ಇಟ್ಟು ಬಂದೆ. ಮಧ್ಯಾಹ್ನ ಕಾಂಪೌಂಡ್ ಹತ್ತಿರ ಅಂಕಲ್ ಸಿಕ್ಕರು.

"ನಿಮ್ಮ ಟೆರೇಸಿಗೆ ಹೋಗಿದ್ದೆ ಕಣಯ್ಯ, ಒಣಗಿದ್ಯಾ ನೋಡೋಣ ಅಂತ. ಅದೊಂದು ಸ್ಕ್ರೂ ಲೂಸಾಗಿತ್ತು. ಮನೆಯಿಂದ ಸ್ಕ್ರೂಡ್ರೈವರ್ ತಂದು ಟೈಟ್ ಮಾಡಿದೀನಿ."

ನಾನು ಮೆಟ್ಟಿಲು ಎರಡೆರಡು ಹಾರಿ ಹತ್ತುತ್ತಿದ್ದೆ. ಕೆಳಗಿನಿಂದ ಕೂಗಿದರು: "ನಿಧಾನ! ಮೆಟ್ಟಿಲು ಒರೆಸಿದಾರೆ, ಇನ್ನೂ ಒಣಗಿಲ್ಲ!"