ಮೊದಲ ಹೊಲಿಗೆಗೆ ಬ್ಯಾಕ್‌ಪ್ಯಾಕ್ ಬೇಡ, ಲಾಡಿ ಚೀಲ ಸಾಕು

ಚಾರಣದ ಸಾಮಾನು ತಾವೇ ಹೊಲಿದುಕೊಳ್ಳಬೇಕು ಅಂತ ಹೊರಡುವವರಲ್ಲಿ ಬಹಳಷ್ಟು ಜನ ನೇರ ಬ್ಯಾಕ್‌ಪ್ಯಾಕ್‌ಗೇ ಕೈ ಹಾಕುತ್ತಾರೆ. ಅರ್ಧಕ್ಕೆ ಬಿಡುವುದೂ ಅಲ್ಲೇ. ಬ್ಯಾಕ್‌ಪ್ಯಾಕ್‌ನಲ್ಲಿ ಹೆಗಲಪಟ್ಟಿ, ಫೋಮ್, ಜಾಲರಿ, ದಪ್ಪ ಬಟ್ಟೆ ಎಲ್ಲವೂ ಒಂದೇ ಗೆರೆಗೆ ಬಂದು ಸೇರುತ್ತವೆ. ಮನೆಯ ಮಿಷನ್ ಅಲ್ಲಿ ತಿಣುಕುತ್ತದೆ. ತಪ್ಪು ಸೂಜಿಯದೋ, ದಾರದ್ದೋ, ಕೈಯದೋ ಎಂದು ಹೊಸಬರಿಗೆ ತಿಳಿಯುವುದೇ ಇಲ್ಲ. ಅದಕ್ಕೇ ಖಡಾಖಂಡಿತವಾಗಿ ಹೇಳುತ್ತೇನೆ: ಮೊದಲು ಲಾಡಿ ಎಳೆದು ಕಟ್ಟುವ ಒಂದು ಸಣ್ಣ ಚೀಲ ಹೊಲಿಯಿರಿ. ಒಂದಲ್ಲ, ಮೂರು.

ಹೊಸ ಮಿಷನ್ ಬೇಕಿಲ್ಲ. ನೇರ ಹೊಲಿಗೆಯೊಂದೇ ಬರುವ ಹಳೆಯ ತುಳಿಯುವ ಮಿಷನ್ ಆದರೂ ಈ ಕೆಲಸಕ್ಕೆ ಧಾರಾಳ ಸಾಕು. ಖರ್ಚು ಮಾಡುವ ಮನಸ್ಸಿದ್ದರೆ ಸೂಜಿಗೂ ದಾರಕ್ಕೂ ಮಾಡಿ. ದಾರ ಪಾಲಿಯೆಸ್ಟರ್‌ನದೇ ಆಗಿರಲಿ. ಹತ್ತಿಯ ದಾರ ನೀರು ಹೀರುತ್ತದೆ, ತೇವದಲ್ಲಿ ಕೊಳೆಯುತ್ತದೆ. ಬಟ್ಟೆ ಗಟ್ಟಿಯಾಗಿಯೇ ಇರುತ್ತದೆ, ಹೊಲಿಗೆ ಬಿಟ್ಟುಕೊಳ್ಳುತ್ತದೆ. ಸೂಜಿಯ ಮೇಲೆ ಬರೆದಿರುವ ಅಂಕಿ ಅದರ ದಪ್ಪ: 70 ಎಂದರೆ 0.70 ಮಿ.ಮೀ. ತೆಳು ನೈಲಾನ್‌ಗೆ ಚೂಪು ಮೊನೆಯ 70 ಅಥವಾ 80, ಕಾರ್ಡುರಾ ಎಂಬ ದಪ್ಪ ಗಟ್ಟಿ ಬಟ್ಟೆಗೂ ಬೆಲ್ಟ್ ಪಟ್ಟಿಗೂ 90 ಇಲ್ಲವೇ 100. ಜರ್ಸಿ ಬಟ್ಟೆಯ ಮೊಂಡು ಮೊನೆಯ ಸೂಜಿ ಇಲ್ಲಿ ನಡೆಯದು. ಸಿಂಥೆಟಿಕ್ ಬಟ್ಟೆ ಸೂಜಿಯನ್ನು ಬೇಗ ಮೊಂಡು ಮಾಡುತ್ತದೆ, ಹಾಗಾಗಿ ಪ್ರತಿ ಹೊಸ ಸಾಮಾನಿಗೂ ಹೊಸ ಸೂಜಿ ಹಾಕಿದರೆ ನಷ್ಟವಿಲ್ಲ.

ಬಟ್ಟೆಗೆ ಬಂದರೆ, ನೀರು ತಡೆಯುವ ಪಾಲಿಯುರೆಥೇನ್ ಲೇಪನ ಇರುವ 70 ಡೆನಿಯರ್ ರಿಪ್‌ಸ್ಟಾಪ್ ನೈಲಾನ್ ಕಲಿಯಲು ತುಂಬ ಒಳ್ಳೆಯದು. ಡೆನಿಯರ್ ಅಂದರೆ 9000 ಮೀಟರ್ ನೂಲಿನ ತೂಕ, ಗ್ರಾಂನಲ್ಲಿ. ರಿಪ್‌ಸ್ಟಾಪ್‌ನಲ್ಲಿ ಕೆಲವು ಮಿ.ಮೀ.ಗೊಂದರಂತೆ ದಪ್ಪ ಎಳೆ ಸೇರಿಸಿ ಚೌಕಳಿ ನೇಯ್ದಿರುತ್ತಾರೆ. ಹರಿದ ಬಾಯಿ ಆ ಎಳೆಗೆ ಬಂದು ನಿಲ್ಲಲಿ ಎಂದು. ನಮಗೆ ಇದರಿಂದ ಇನ್ನೊಂದು ಉಪಕಾರವಿದೆ: ಆ ಚೌಕಳಿಯೇ ಹಾಸು-ಹೊಕ್ಕಿನ ದಿಕ್ಕು ತೋರಿಸುತ್ತದೆ, ಸ್ಕೇಲ್ ಇಟ್ಟು ನೇರ ಕತ್ತರಿಸಬಹುದು. ಓರೆಯಾಗಿ ಕತ್ತರಿಸಿದ ಅಂಚು ಹೊಲಿಯುವಾಗ ಹಿಗ್ಗುತ್ತದೆ, ಚೀಲ ತಿರುಚಿಕೊಳ್ಳುತ್ತದೆ. ಹಗುರ ಅಂತ ಸಿಲಿಕೋನ್ ಲೇಪನದ ನೈಲಾನ್‌ನಿಂದ ಶುರು ಮಾಡಬೇಡಿ; ಮೀನಿನ ಹಾಗೆ ಕೈಯಿಂದ ಜಾರುತ್ತದೆ.

ಇನ್ನು ಚೀಲ. 32 × 60 ಸೆಂ.ಮೀ. ತುಂಡು ಕತ್ತರಿಸಿ. ಸುತ್ತಲಿನ ಅಂಚನ್ನು ಮೇಣದಬತ್ತಿಯ ಜ್ವಾಲೆಯ ಪಕ್ಕದಲ್ಲಿ ಬೇಗ ಬೇಗ ಸರಿಸಿ, ಎಳೆಗಳು ಕರಗಿ ಅಂಟಿಕೊಳ್ಳುವಷ್ಟೇ ಬಿಸಿ ತಾಗಲಿ. ಕಿಟಕಿ ತೆರೆದಿಡಿ, ಕರಗಿದ ನೈಲಾನ್ ಹನಿ ಚರ್ಮಕ್ಕೆ ಬಿದ್ದರೆ ಅಂಟಿಕೊಂಡೇ ಸುಡುತ್ತದೆ. ಈಗ ಸೀದಾ ಬದಿ ಒಳಗೆ ಬರುವಂತೆ 60ರ ಉದ್ದವನ್ನು ಅರ್ಧಕ್ಕೆ ಮಡಚಿ. ಮಡಿಕೆಯೇ ತಳ. ತಳದ ನಡುವೆ ಹೊಲಿಗೆಯೇ ಇಲ್ಲದ ಮೇಲೆ ಅಲ್ಲಿ ಭಾರಕ್ಕೆ ಬಿಚ್ಚುವುದೂ ಇಲ್ಲ. ಗುಂಡುಪಿನ್ನು ಬೇಡ, ಲೇಪನದಲ್ಲಿ ಆದ ತೂತು ಮುಚ್ಚುವುದಿಲ್ಲ. ಬಟ್ಟೆ ಒಣಗಿಸುವ ಕ್ಲಿಪ್ ಹಾಕಿದರೆ ಆಯಿತು.

ಒಂದು ಪಕ್ಕವನ್ನು 1 ಸೆಂ.ಮೀ. ಮಾರ್ಜಿನ್ ಬಿಟ್ಟು ಪೂರ್ತಿ ಹೊಲಿಯಿರಿ. ಇನ್ನೊಂದು ಪಕ್ಕವನ್ನು ತಳದಿಂದ ಶುರು ಮಾಡಿ, ಮೇಲಿನ ತುದಿಗೆ 8 ಸೆಂ.ಮೀ. ಇರುವಾಗ ನಿಲ್ಲಿಸಿ, ನಾಲ್ಕು ಹೊಲಿಗೆ ಹಿಂದಕ್ಕೆ ಹೋಗಿ ಭದ್ರ ಮಾಡಿ. ತೆರೆದು ಉಳಿದ ಆ ಸೀಳಿನ ಎರಡೂ ಮಾರ್ಜಿನ್‌ಗಳನ್ನು ಹೊರಳಿಸಿ, ಯು ಆಕಾರದಲ್ಲಿ ಸುತ್ತ ಹೊಲಿಯಿರಿ. ಆಮೇಲೆ ಬಾಯಿಯ ಅಂಚನ್ನು ಉಲ್ಟಾ ಬದಿಗೆ ಮೊದಲು 1, ಆಮೇಲೆ 3 ಸೆಂ.ಮೀ. ಮಡಚಿ, ಮಡಿಕೆಯ ಕೆಳ ಅಂಚಿಗೆ ತಾಗಿದಂತೆ ಹೊಲಿದರೆ ಲಾಡಿಯ ದಾರಿ ಸಿದ್ಧ. 8 ಸೆಂ.ಮೀ. ಯಾಕೆ? ಮಡಿಕೆಗೆ 4 ಹೋಗುತ್ತದೆ, ಲಾಡಿಯ ದಾರಿಗೆ 3, ಬಾಯಿ ಸಲೀಸಾಗಿ ಬಿಗಿಯಲು ಅದರ ಕೆಳಗೆ 1.

ತಳಕ್ಕೆ ಪೆಟ್ಟಿಗೆಯ ಆಕಾರ ಕೊಡುವುದು ಇದರಲ್ಲೆಲ್ಲ ಚೆಂದದ ಕೆಲಸ. ತಳದ ಮೂಲೆಯನ್ನು ಬಿಡಿಸಿ, ಪಕ್ಕದ ಹೊಲಿಗೆ ತಳದ ಮಡಿಕೆಯ ಮೇಲೆ ಸರಿಯಾಗಿ ಕೂರುವಂತೆ ಚಪ್ಪಟೆ ಮಾಡಿದರೆ ತ್ರಿಕೋನ ಬರುತ್ತದೆ. ತುದಿಯಿಂದ 5 ಸೆಂ.ಮೀ. ಅಳೆದು ಅಡ್ಡ ಗೆರೆ ಹಾಕಿ. ಅಳೆಯುವುದು ಹೊಲಿಗೆ ಮುಗಿಯುವ ತುದಿಯಿಂದ, ಬಟ್ಟೆಯ ತುದಿಯಿಂದಲ್ಲ. ಎಲ್ಲರೂ ಎಡವುವುದು ಇಲ್ಲೇ. ಗೆರೆ 10 ಸೆಂ.ಮೀ. ಉದ್ದ ಬಂದರೆ ನಿಮ್ಮ ಅಳತೆ ಸರಿ ಇದೆ. ಅದರ ಮೇಲೆ ಎರಡು ಸಲ ಹೊಲಿದು, 1 ಸೆಂ.ಮೀ. ಬಿಟ್ಟು ಮಿಕ್ಕಿದ್ದು ಕತ್ತರಿಸಿ. ಇನ್ನೊಂದು ಮೂಲೆಗೂ ಹೀಗೆಯೇ. ಚೀಲ ಮಗುಚಿ, 3 ಮಿ.ಮೀ. ದಪ್ಪದ 85 ಸೆಂ.ಮೀ. ಹುರಿಯನ್ನು ಸೇಫ್ಟಿ ಪಿನ್‌ನಿಂದ ಪೋಣಿಸಿ. 20 × 10 ತಳ, 21 ಎತ್ತರ, ಸುಮಾರು 4 ಲೀಟರ್. ಒಂದು ಜೊತೆ ಬಟ್ಟೆ ಹಿಡಿಯುತ್ತದೆ.

ಕೆಡುವುದು ಎಲ್ಲೆಲ್ಲಿ ಅಂದರೆ, ಕೆಳಗಡೆ ದಾರ ಗಂಟುಗಂಟಾಗಿ ಗೂಡು ಕಟ್ಟಿದರೆ ಎಲ್ಲರೂ ಕೆಳದಾರದ ಬಾಬಿನ್ ಬಿಚ್ಚುತ್ತಾರೆ. ದೋಷ ಸಾಮಾನ್ಯವಾಗಿ ಮೇಲಿನ ದಾರದ್ದು. ಬಟ್ಟೆ ಒತ್ತಿ ಹಿಡಿಯುವ ಪ್ರೆಸರ್ ಫೂಟ್ ಇಳಿಸಿಟ್ಟು ದಾರ ಪೋಣಿಸಿದರೆ ಅದು ದಾರ ಬಿಗಿಹಿಡಿಯುವ ಟೆನ್ಷನ್ ಬಿಲ್ಲೆಗಳ ನಡುವೆ ಕೂರುವುದಿಲ್ಲ. ಫೂಟ್ ಎತ್ತಿ ಮತ್ತೆ ಪೋಣಿಸಿ. ಹೊಲಿಗೆ ನಡುನಡುವೆ ಬಿಟ್ಟುಹೋದರೆ ಸೂಜಿ ಮೊಂಡಾಗಿದೆ, ಇಲ್ಲವೇ ತಿರುಗುಮುರುಗಾಗಿ ಕೂತಿದೆ. ಬಟ್ಟೆ ಸುಕ್ಕಾದರೆ ಟೆನ್ಷನ್ ಸ್ವಲ್ಪ ಸಡಿಲಿಸಿ. ಎರಡು ಪದರ ಸಮ ಇಟ್ಟಿದ್ದರೂ ಕೊನೆಯಲ್ಲಿ ಮೇಲಿನದು ಉದ್ದ ಉಳಿಯುತ್ತದಲ್ಲ, ಅದಕ್ಕೆ ಕಾರಣ ಮಿಷನ್ನಿನ ಹಲ್ಲು ಕೆಳಗಿನ ಪದರವನ್ನು ಮಾತ್ರ ಎಳೆಯುವುದು. ಮುಂದೆ ಹಿಂದೆ ಎರಡೂ ಕಡೆ ಬಟ್ಟೆಯನ್ನು ಹದವಾಗಿ ಹಿಡಿದು ಮಿಷನ್ನಿನ ವೇಗದಲ್ಲೇ ಬಿಡಿ. ಜಗ್ಗಿದರೆ ಸೂಜಿ ಬಾಗಿ ಪ್ಲೇಟಿಗೆ ಬಡಿದು ಮುರಿಯುತ್ತದೆ. ಗಟ್ಟಿಯಾಗಲಿ ಅಂತ ಹೊಲಿಗೆಯನ್ನು ಒತ್ತೊತ್ತಾಗಿ ಹಾಕುವುದೂ ತಪ್ಪು. ಅಂಚೆಚೀಟಿಯ ಹಾಳೆಯ ತೂತಿನ ಸಾಲಿನಂತಾಗಿ ಬಟ್ಟೆ ಅಲ್ಲೇ ಹರಿಯುತ್ತದೆ. ಒಂದೊಂದು ಹೊಲಿಗೆ 2.5ರಿಂದ 3 ಮಿ.ಮೀ. ಉದ್ದ ಇರಲಿ.

ಎರಡನೇ ಚೀಲದಲ್ಲಿ, ಸೀಳು ಇಲ್ಲದ ಪಕ್ಕಕ್ಕೆ, ಕತ್ತರಿಸಿದ ಅಂಚು ಒಳಗೇ ಅಡಗುವ ಫ್ರೆಂಚ್ ಹೊಲಿಗೆ ಹಾಕಿ ನೋಡಿ: ಉಲ್ಟಾ ಬದಿಗಳು ಒಳಗೆ ಬರುವಂತೆ 4 ಮಿ.ಮೀ.ಗೆ ಒಂದು ಹೊಲಿಗೆ, ಮಗುಚಿ 6 ಮಿ.ಮೀ.ಗೆ ಇನ್ನೊಂದು. ಮೊದಲ ಹೊಲಿಗೆ ಆದಮೇಲೆ ಚಾಚಿದ ಎಳೆಗಳನ್ನು ಕತ್ತರಿಸದಿದ್ದರೆ ಎರಡನೆಯದರಿಂದ ಮೀಸೆಯಂತೆ ಇಣುಕುತ್ತವೆ. ಮೂರನೆಯದಕ್ಕೆ 20 ಮಿ.ಮೀ. ಬೆಲ್ಟ್ ಪಟ್ಟಿಯ ಹಿಡಿಕೆ ಹಚ್ಚಿ. ಪಟ್ಟಿಯನ್ನು ಬರೀ ತೆಳು ಬಟ್ಟೆಗೆ ಹೊಲಿದರೆ ಭಾರವೆಲ್ಲ ನಾಲ್ಕಾರು ಸೂಜಿತೂತಿನ ಮೇಲೆ ಬೀಳುತ್ತದೆ, ಬಟ್ಟೆ ಸೀಳುತ್ತದೆ. ಹಿಂದೆ ದಪ್ಪ ಬಟ್ಟೆಯ ತೇಪೆ ಕೊಟ್ಟು, ಒತ್ತಾದ ಜಿಗ್‌ಜ್ಯಾಗ್ ಹಾಕಿ. ಜಿಗ್‌ಜ್ಯಾಗ್ ಇಲ್ಲದ ಮಿಷನ್ ಆದರೆ ಅದೇ ಗೆರೆಯ ಮೇಲೆ ಐದು ಸಲ ಹಿಂದೆ ಮುಂದೆ ಓಡಿಸಿ. ಒತ್ತೊತ್ತು ಹೊಲಿಗೆ ಇಲ್ಲಿ ನಡೆಯುವುದು ಪಟ್ಟಿಯ ಮತ್ತು ತೇಪೆಯ ದಪ್ಪದಿಂದ.

ಇಷ್ಟು ಮಾಡಿದವರು ಧೈರ್ಯವಾಗಿ ಮಳೆ ಟಾರ್ಪ್‌ಗೆ, ಅಂದರೆ ಮಳೆ ತಡೆಯಲು ತಲೆಯ ಮೇಲೆ ಕಟ್ಟುವ ಹೊದಿಕೆಗೆ ಹೋಗಬಹುದು, ಅದರಲ್ಲಿ ಇರುವುದು ಉದ್ದ ನೇರ ಹೊಲಿಗೆಯೇ. ನೈಲಾನ್ ನೀರು ಹೀರಿ ರಾತ್ರಿ ಜೋಲುತ್ತದೆ; ಟಾರ್ಪ್‌ಗೆ ನನ್ನ ಆಯ್ಕೆ ಪಾಲಿಯೆಸ್ಟರ್. ಸೂಜಿತೂತಿನಲ್ಲಿ ನೀರು ಸೋರುತ್ತದೆ, ಅದನ್ನು ಮುಚ್ಚಬೇಕು. ಪಾಲಿಯುರೆಥೇನ್ ಲೇಪನದ ಮೇಲೆ ಹೊಲಿಗೆ ಮುಚ್ಚುವ ಸೀಮ್ ಟೇಪ್ ಹಿಡಿಯುತ್ತದೆ. ಸಿಲಿಕೋನ್ ಮೇಲೆ ಸಿಲಿಕೋನ್ ಬಿಟ್ಟು ಬೇರೇನೂ ನಿಲ್ಲದು. ಸಿಲಿಕೋನ್ ಸೀಲಂಟನ್ನು ಮಿನರಲ್ ಸ್ಪಿರಿಟ್ (ಬಣ್ಣ ತೆಳು ಮಾಡುವ ದ್ರಾವಕ) ಸೇರಿಸಿ ತೆಳು ಮಾಡಿ ಬ್ರಷ್‌ನಿಂದ ಹೊಲಿಗೆಯ ಉದ್ದಕ್ಕೂ ಹಚ್ಚಿ, ಒಂದು ರಾತ್ರಿ ಹರವಿ ಒಣಗಲು ಬಿಡಿ.

ಒಂದನ್ನು ಮಾತ್ರ ಎಷ್ಟೇ ಕೈ ಪಳಗಿದರೂ ಮನೆಯಲ್ಲಿ ಹೊಲಿಯಬೇಡಿ: ಬಂಡೆ ಹತ್ತುವ ಹಾರ್ನೆಸ್, ಸ್ಲಿಂಗ್, ಜೀವ ನೇತುಬಿಡುವ ಯಾವ ಪಟ್ಟಿಯೂ ಬೇಡ. ಚೀಲದ ಹೊಲಿಗೆ ಬಿಟ್ಟರೆ ಬಟ್ಟೆ ನೆಲಕ್ಕೆ ಬೀಳುತ್ತದೆ, ಎತ್ತಿಕೊಂಡು ಮತ್ತೆ ಹೊಲಿಯಬಹುದು.